ಕಡೇ ಪಂಕ್ತಿಯ ಹೊಟ್ಟೆ

ನನಗೆ ಕೂರಲು ಬರುವುದಿಲ್ಲ. ಕುಂದಾಪುರ–ಬೈಂದೂರು ರೂಟಿನ ಸರ್ವಿಸ್ ಬಸ್ಸಿನಲ್ಲಿ ಪ್ರಾಯವೆಲ್ಲ ಕಂಡಕ್ಟರಾಗಿ ಕಳೆದವನು ನಾನು. ಸೀಟು ಖಾಲಿ ಇದ್ದರೂ ನಿಂತೇ ಅಭ್ಯಾಸ. ನಿವೃತ್ತನಾದ ಮೇಲೆ ಕೋಟದ ಮನೆಗೆ ಒಂದು ಆರಾಮ ಕುರ್ಚಿ ತಂದೆ. ಅದರಲ್ಲಿ ಬೆಕ್ಕು ಆರಾಮವಾಗಿದೆ. ನಾನು ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಕಟ್ಟೆಗೆ ಸುತ್ತುತ್ತಿರುತ್ತೇನೆ. "ಒಂದ್ ಕಡೆ ಕೂಕಣಿ ಮರಾಯ್ರೆ, ನಿಮ್ಮನ್ ಕಂಡ್ ಕಂಡ್ ನಂಗ್ ತಲೆ ತಿರ್ಗತ್" ಎನ್ನುತ್ತಾಳೆ ಹೆಂಡತಿ. ಎದುರು ಮನೆಯವರಂತೂ ನಾನು ಯಾರಿಗೋ ಕಾಯುತ್ತಿದ್ದೇನೆ ಎಂದೇ ತಿಳಿದಿದ್ದಾರೆ.

ಆದರೆ ಈ ಶ್ರಾವಣದಲ್ಲಿ, ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಎರಡು ದಿನ ಇರುವಾಗ, ನಾನು ಸುತ್ತಿದ ಸುತ್ತಿಗೆ ನಿಜವಾದ ಕಾರಣವಿತ್ತು. ಪೂಜೆಯ ಏರ್ಪಾಟಿಗೆಂದು ಅಕ್ಕ, ಭಾವ ಮೊದಲೇ ಬಂದಿದ್ದರು. ಮಳೆ ಹನಿಯಿತು ಎಂದು ತಂತಿಯ ಮೇಲಿನ ಬಟ್ಟೆ ತೆಗೆಯಲು ಓಡಿದೆ. ಭಾವನ ಬೈರಾಸು ಕೈಗೆ ಬಂತು. ಬೈರಾಸು ಅಂದರೆ ನಮ್ಮ ಕಡೆಯವರು ಹೆಗಲಿಗೆ ಹಾಕಿಕೊಳ್ಳುವ, ಬೆವರು ಒರೆಸುವ, ಸೊಂಟಕ್ಕೆ ಬಿಗಿಯುವ, ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಎಸೆಯುವ ಟವೆಲು. ಅದರ ಮೂಲೆಯಲ್ಲಿ ಒಂದು ಗಂಟು. ಗಂಟು ಕಂಡರೆ ಬಿಚ್ಚದೆ ಇರಲು ನನ್ನಿಂದಾಗದು. ಬಿಚ್ಚಿದೆ. ಕತ್ತರಿಯಲ್ಲಿ ತುಂಡು ಮಾಡಿದ ಮಾತ್ರೆಯ ಸ್ಟ್ರಿಪ್ಪು. ಮೊಣಗಂಟು ನೋವಿನ ಮಾತ್ರೆ. ಹೊಚ್ಚ ಹೊಸದು.

ಉಳಿದ ಬಟ್ಟೆ ಬಿಟ್ಟು ಮಳೆಯಲ್ಲೇ ನಿಂತೆ. ಯಾಕೆಂದರೆ ಇದೇ ಮಾತ್ರೆ ಬೇಸಿಗೆಯಲ್ಲಿ ಭಾವನನ್ನು ಆ ಕಡೆಗೆ ಕಳುಹಿಸಿ ವಾಪಸು ತಂದಿತ್ತು. ಇನ್ನೊಮ್ಮೆ ತಿಂದರೆ ವಾಪಸು ಬರುವ ಗ್ಯಾರಂಟಿ ಇಲ್ಲವೆಂದು ಆಸ್ಪತ್ರೆಯ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ದರು.

ಭಾವನ ಹೊಟ್ಟೆಯ ಕತೆಗೆ ಮೊದಲು ನನ್ನ ಹೊಟ್ಟೆಯ ಕತೆ ಸ್ವಲ್ಪ ಕೇಳಬೇಕು. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ವಂಶದಲ್ಲಿ ಗ್ಯಾಸ್ಟ್ರಿಕ್ಕಿಗೆ ಅಧಿಕೃತ ವಾರಸುದಾರ ನಾನೇ. ಬಸ್ಸಿನ ಕೆಲಸದಲ್ಲಿ ಊಟಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಹೆಮ್ಮಾಡಿಯಲ್ಲಿ ಒಂದು ಚಾ, ತ್ರಾಸಿಯಲ್ಲಿ ಒಂದು ಚಾ, ಬೈಂದೂರಲ್ಲಿ ಬಸ್ಸು ತಿರುಗಿಸುವಾಗ ಗೋಳಿಬಜೆಯೊಂದಿಗೆ ಮತ್ತೊಂದು ಚಾ. ಎದೆ ಉರಿಯದೆ ಇನ್ನೇನಾದೀತು? ಬಾಲ್ಯದಲ್ಲಿ ಹೊಟ್ಟೆನೋವೆಂದರೆ ಅಜ್ಜಿ ಓಮದ ಕಷಾಯವನ್ನು ಮೂಗು ಹಿಡಿದು ಕುಡಿಸಿ, ಹೊಕ್ಕುಳಿಗೆ ಎಣ್ಣೆ ಬಿಟ್ಟು, ಬೆನ್ನಿಗೊಂದು ಗುದ್ದಿ "ಈಗ ಶಾಲೆಗ್ ಹೋಗ್" ಅನ್ನುತ್ತಿದ್ದಳು. ಆ ಕಷಾಯಕ್ಕೆ ಹೆದರಿಯೇ ಅರ್ಧ ನೋವು ಗುಣವಾಗುತ್ತಿತ್ತು. ಈಗ ಗದರುವವರಿಲ್ಲದ ಕಾರಣ ನನ್ನ ನೋವು ಪೂರ್ತಿ ವೈಭವದಿಂದ ಮೆರೆಯುತ್ತದೆ. ತೇಗು, ಉರಿ, ಉಬ್ಬರ, ಎಲ್ಲವನ್ನೂ ಮನೆಗೆ ಬಂದವರಿಗೆ ವಿವರಿಸುತ್ತೇನೆ. ಕೊನೆಗೆ ಮಗ ರೋಸಿಹೋಗಿ ಗಂಟಲಲ್ಲಿ ನಳಿಗೆ ಇಳಿಸಿ ನೋಡುವ ಪರೀಕ್ಷೆ ಮಾಡಿಸಿದ. ನಾನು ವಿಲ್ ಬರೆಯುವ ಯೋಚನೆಯಲ್ಲಿದ್ದೆ. ಡಾಕ್ಟರು ಪರದೆ ನೋಡಿ, "ಏನೂ ಇಲ್ಲ, ಚಾ ಕಡಿಮೆ ಮಾಡಿ" ಎಂದರು. ಇಷ್ಟು ವರ್ಷ ನೋಯಿಸಿದ ಹೊಟ್ಟೆಯೊಳಗೆ ಒಂದು ಗೀರೂ ಇಲ್ಲವೆಂದರೆ ಮನುಷ್ಯ ತಲೆ ಎತ್ತಿ ಓಡಾಡುವುದು ಹೇಗೆ?

ಬೊಗಳುವ ನಾಯಿ ಕಚ್ಚುವುದಿಲ್ಲ. ಕಚ್ಚಿದ್ದು ಸುಮ್ಮನಿದ್ದ ಹೊಟ್ಟೆ, ನನ್ನ ಭಾವನದು.

ಭಾವ ಎಂದರೆ ನನ್ನ ಅಕ್ಕನ ಗಂಡ ಸಂಜೀವಣ್ಣ. ನಾವುಂದದವರು, ಎಪ್ಪತ್ತು ದಾಟಿದವರು. ಗದ್ದೆ, ತೆಂಗು ಅವರ ಕಸುಬಾದರೂ ಆ ಸೀಮೆಯಲ್ಲಿ ಅವರ ಹೆಸರು ನಿಂತಿರುವುದು ಬಡಿಸುವುದರಲ್ಲಿ. ಯಾರ ಮನೆಯ ಗೃಹಪ್ರವೇಶವಿರಲಿ, ಉತ್ತರಕ್ರಿಯೆಯ ಬೊಜ್ಜವಿರಲಿ, ದೇವಸ್ಥಾನದ ಸಂತರ್ಪಣೆಯಿರಲಿ, ಬೈರಾಸನ್ನು ಸೊಂಟಕ್ಕೆ ಬಿಗಿದು ಭಾವ ಇಳಿದರೆಂದರೆ ಯಜಮಾನ ನಿಶ್ಚಿಂತ. ಸಾರಿನ ಬಕೆಟು ಹಿಡಿದು ಪಂಕ್ತಿಯ ನಡುವೆ ಬಗ್ಗಿಕೊಂಡೇ ಹೋಗುತ್ತಾರೆ. ನೆಟ್ಟಗಾಗುವುದು ಪಂಕ್ತಿಯ ಕೊನೆಯಲ್ಲಿ. ಅನ್ನದ ಗುಂಡಿಯಲ್ಲಿ ಬಿದ್ದ ಸಾರು ಎಲೆಯಂಚಿಗೆ ಹರಿಯಬಾರದು. ಯಾರು ನಾಚಿಕೆಯಲ್ಲಿ ಬೇಡ ಅನ್ನುತ್ತಾರೆ, ಯಾರು ನಿಜವಾಗಿ ಬೇಡ ಅನ್ನುತ್ತಾರೆ ಎಂದು ಕೈ ಅಡ್ಡ ಹಿಡಿದ ರೀತಿಯಲ್ಲೇ ತಿಳಿಯುತ್ತಾರೆ. ಕೇಟರಿಂಗಿನವರು ಬಂದು ಎಲ್ಲ ಕಡೆ ನಿಂತು ಉಣ್ಣುವ ಊಟವಾದ ಮೇಲೂ ನಾವುಂದ, ಮರವಂತೆಯ ಕಡೆ ಮನೆಯೂಟವೆಂದರೆ ನೆಲದ ಪಂಕ್ತಿ, ನೆಲದ ಪಂಕ್ತಿಯೆಂದರೆ ಭಾವ.

ಬಡಿಸುವವರು ಉಣ್ಣುವುದು ಕಡೇ ಪಂಕ್ತಿಯಲ್ಲಿ. ಇದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಎಲ್ಲರೂ ಕೈತೊಳೆದು, ಎಲೆಯಡಿಕೆ ಹಾಕಿ, ಕಾರು ಹತ್ತಿ ಹೋದ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ಸಾರು, ಮೆತ್ತಗಾದ ಹಪ್ಪಳ, ಗಟ್ಟಿಯಾದ ಪಾಯಸ. ಹೊತ್ತು ಇಳಿಯುವವರೆಗೆ ಭಾವನ ಹೊಟ್ಟೆಗೆ ಬೆಳಿಗ್ಗೆಯ ಹಾಲಿಲ್ಲದ ಕಣ್ಣ ಚಾ ಒಂದೇ ಗತಿ. ಮೊಣಕಾಲಿನ ಗಂಟು ಹಿಡಿಯತೊಡಗಿದ ಮೇಲೆ ಆ ಚಾಕ್ಕೆ ಒಂದು ಮಾತ್ರೆ ಜೊತೆಯಾಯಿತು. ಯಾವ ಕಾಲದಲ್ಲೋ ಯಾವುದೋ ಡಾಕ್ಟರು ಕೆಲವು ದಿನಕ್ಕೆಂದು ಬರೆದ ಮಾತ್ರೆ. ಖಾಲಿ ಸ್ಟ್ರಿಪ್ಪು ತೋರಿಸಿದರೆ ಪೇಟೆಯಲ್ಲಿ ಮತ್ತೆ ಸಿಗುತ್ತಿತ್ತು. "ಒಂದ್ ನುಂಗ್ರೆ ಹತ್ತ್ ಪಂಕ್ತಿ ಬಗ್ಗುಕಾತ್" ಎಂದು ನನ್ನಲ್ಲೇ ಹೊಗಳಿದ್ದರು. ಅವರಿಗೆ ಎದೆಯುರಿ ಇಲ್ಲ, ಹೊಟ್ಟೆನೋವು ಇಲ್ಲ, ಒಂದು ತೇಗೂ ಇಲ್ಲ. ನನ್ನ ಗ್ಯಾಸ್ಟ್ರಿಕ್ ಪುರಾಣ ಕೇಳಿ ಹುಬ್ಬು ಹಾರಿಸುತ್ತಿದ್ದರು.

ಬೇಸಿಗೆಯಲ್ಲಿ ನಾವುಂದದಲ್ಲೊಂದು ಗೃಹಪ್ರವೇಶ. ನಾನು ಎಂದಿನಂತೆ ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಆಸೀನ. ಅಂದ ಹಾಗೆ, ನಾನು ಕೂರುವುದು ಅಲ್ಲೊಂದೇ ಕಡೆ. ಭಾವ ಕಡ್ಲೆಬೇಳೆ ಪಾಯಸದ ಬಕೆಟು ಹಿಡಿದು ಬಂದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನ ಎಲೆಗೆ ಸೌಟು ಬಗ್ಗಿಸಿದರು, ಪಾಯಸ ಬಿತ್ತು, ಹಿಂದೆಯೇ ಅವರೂ ಬಿದ್ದರು.

ಅಂಬುಲೆನ್ಸಿನಲ್ಲಿ ನಾನೂ ಅಕ್ಕನೂ ಹೋದೆವು. ಅಲ್ಲಿಯೂ ನಾನು ಮೇಲಿನ ಸರಳು ಹಿಡಿದು ನಿಂತಿದ್ದೆ. ನರ್ಸು ಗದರಿದರೂ ಕೂರಲಾಗಲಿಲ್ಲ. ಮರವಂತೆಯಲ್ಲಿ ಬಲಗಡೆ ಕಡಲು, ಎಡಗಡೆ ಹೊಳೆ; ಇಷ್ಟು ವರ್ಷ ಓಡಾಡಿದ ದಾರಿ ಅಂದು ಮುಗಿಯಲೇ ಇಲ್ಲ. ತ್ರಾಸಿ, ಹೆಮ್ಮಾಡಿ, ತಲ್ಲೂರು ಎಂದು ಬಾಯಿ ತಾನಾಗಿ ಸ್ಟಾಪುಗಳನ್ನು ಜಪಿಸುತ್ತಿತ್ತು. ಅಕ್ಕ ಭಾವನ ಕೈ ಹಿಡಿದು, "ನಾಲ್ಕ್ ದಿನದಿಂದ ಕಕ್ಕಸ್ ಕಪ್ಪ್ ಹೋತಿತ್ತಂಬ್ರ್ ದಿನಕರ, ಈಗ ಹೇಳ್ತಾ ಇದ್ರ್" ಎಂದಳು. ಭಾವ ಕಣ್ಣು ಮುಚ್ಚಿಕೊಂಡೇ, "ನೇರ್ಲೆ ಹಣ್ಣ್ ತಿಂದದ್ಕ್ ಅಂದೇಳಿ ಮಾಡ್ದೆ" ಎಂದರು. ಹಿತ್ತಲಲ್ಲಿ ನೇರಳೆ ಉದುರುವ ಕಾಲ. ಕಪ್ಪಗಾದದ್ದು ಹಣ್ಣಿನಿಂದಲ್ಲ, ಒಳಗೆ ಸೋರಿದ ರಕ್ತದಿಂದ ಎಂದು ಬ್ರಹ್ಮಾವರದಾಚೆಯ ದೊಡ್ಡ ಆಸ್ಪತ್ರೆ ಮುಟ್ಟಿದ ಮೇಲೆ ಗೊತ್ತಾಯಿತು.

ರಕ್ತ ಕೊಟ್ಟರು, ನಳಿಗೆ ಇಳಿಸಿದರು, ಸೋರುವ ಹುಣ್ಣನ್ನು ಹೇಗೋ ಮುಚ್ಚಿದರು. ಡಾಕ್ಟರಮ್ಮ ಚಿಕ್ಕ ಪ್ರಾಯದವರು, ತಾಳ್ಮೆಯವರು. ಹೊಟ್ಟೆಯ ಆಮ್ಲ ಬಹಳ ತೀಕ್ಷ್ಣ. ಅದು ಹೊಟ್ಟೆಯನ್ನೇ ತಿನ್ನದಂತೆ ಒಳಗೋಡೆಗೆ ಲೋಳೆಯ ಪದರವೊಂದು ಇರುತ್ತದೆ. ಅದು ಸವೆದಂತೆಲ್ಲ ದೇಹ ಮತ್ತೆ ಮಾಡಿಕೊಳ್ಳುತ್ತದೆ ಎಂದು ವಿವರಿಸಿದರು. ಪ್ರಾಯವಾದಂತೆ ಆ ರಿಪೇರಿ ನಿಧಾನ. ನೋವಿನ ಮಾತ್ರೆ ಆ ರಿಪೇರಿಯನ್ನೇ ತಡೆಯುತ್ತದಂತೆ. "ಉಳಿದವರಾದರೆ ಹೊಟ್ಟೆನೋವು ಅಂತ ಓಡಿ ಬರ್ತಾರೆ. ಇವರ ಪ್ರಾಯದವರಿಗೆ ಎಷ್ಟೋ ಸಲ ನೋವೇ ಇರೋದಿಲ್ಲ. ಸೀದಾ ರಕ್ತವೇ ಬರೋದು" ಎಂದರು. ಇಷ್ಟು ದಿನ ನೋವಿನ ಬಗ್ಗೆ ಭಾಷಣ ಮಾಡಿದ ನಾನು ಹಿಂದೆ ಸರಿದು ನಿಂತೆ.

ಅಕ್ಕ ಕೇಳಿಸಿಕೊಂಡು, "ದೋಸೆ ಕಾವ್ಲಿ ಕಣಂಗೆ ಅಲ್ದಾ ಅಮ್ಮ? ಎಣ್ಣೆ ಹಿಡ್ದದ್ದ್ ಕೆರ್ದ್ ತೆಗ್ದ್ರೆ ಮತ್ತೆ ದೋಸೆ ಏಳ್ತಿಲ್ಲೆ" ಎಂದಳು. ಡಾಕ್ಟರಮ್ಮ ನಕ್ಕು ಹೌದೆಂದರು. ಆಮೇಲೆ ನಗು ನಿಲ್ಲಿಸಿ, ಆ ಮಾತ್ರೆ ಇನ್ನು ಮುಟ್ಟಬಾರದು, ಹೊಟ್ಟೆ ಖಾಲಿ ಬಿಡಬಾರದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದರು.

ಇಷ್ಟೆಲ್ಲ ಆದ ಮೇಲೆ ಬೈರಾಸಿನ ಗಂಟಿನಲ್ಲಿ ಆ ಮಾತ್ರೆ!

ಅಕ್ಕನಿಗೆ ಹೇಳಿದರೆ ಪೂಜೆಯ ಮನೆಯಲ್ಲಿ ರಂಪ. ಹೇಳದಿದ್ದರೆ, ನಾಳೆ ಏನಾದರೂ ಆದರೆ, ನಾನು ಯಾವ ಮುಖ ಹೊತ್ತು ಅವಳೆದುರು ನಿಲ್ಲಲಿ? ಜಗಲಿ ಸುತ್ತಿದೆ, ಬಾವಿಕಟ್ಟೆ ಸುತ್ತಿದೆ. ಚಪ್ಪರಕ್ಕೆ ಟಾರ್ಪಾಲು ಕಟ್ಟುವವರಿಗೆ ಸುಮ್ಮನೆ ಬೈದೆ. ಹೆಂಡತಿ ಕೊಟ್ಟ ಚಾ ಆರಿಹೋಯಿತು. ಕಿಸೆಯಲ್ಲಿದ್ದ ಸ್ಟ್ರಿಪ್ಪಿನ ಮೂಲೆ ಚುಚ್ಚುತ್ತಿತ್ತು. ನನಗೆ ಭಯಕ್ಕಿಂತ ಸಿಟ್ಟು ಹೆಚ್ಚು ಬಂದಿತ್ತು. ಅಷ್ಟೊಂದು ಊರಿನವರ ಹೊಟ್ಟೆ ತುಂಬಿಸುವ ಮನುಷ್ಯನಿಗೆ ತನ್ನ ಹೊಟ್ಟೆಯ ಮೇಲೆ ಚೂರು ಕರುಣೆ ಬೇಡವೇ?

ಭಾವ ಹಿಂದಿನ ಕೊಟ್ಟಿಗೆಯ ಮಾಡಿನ ಕೆಳಗೆ ಕೂತು ಬಾಳೆಯೆಲೆ ಒರೆಸಿ ಜೋಡಿಸುತ್ತಿದ್ದರು. ನಾನು ಅವರೆದುರು ಸ್ಟ್ರಿಪ್ಪು ಹಿಡಿದೆ.

"ಇದೆಂತ ಭಾವಯ್ಯ?"

"ಓ, ಅದಾ. ಅದ್ ತಿಂಬುಕಲ್ಲ."

"ಮತ್ತೆಂತಕ್ಕೆ? ದೇವ್ರ್ ಮುಂದ್ ಇಡುಕಾ?"

"ಹತ್ರ ಇದ್ರ್ ಒಂದ್ ಧೈರ್ಯ ಮರಾಯ. ನಾಡಿದ್ದ್ ಪಂಕ್ತಿ ಹಾಕ್ದಾಗ ಬಗ್ಗುಕೆ ಆಯ್ಲ ಅಂದ್ರೆ, ಒಂದೇ ಒಂದ್."

"ಡಾಕ್ಟರಮ್ಮ ಹೇಳದ್ ನೆನ್ಪಿಲ್ಯಾ?"

"ನೆನ್ಪಿತ್."

"ನೀವ್ ಬಡಸ್ದಿದ್ರ್ ನಾವ್ ಉಣ್ದೇ ಸಾಯ್ತ್ವಾ? ಕೇಟರಿಂಗಿನರ್ ಬತ್ರ್. ನೀವ್ ಮೊದ್ಲ್ ಪಂಕ್ತಿಯಂಗ್ ಕೂಕಂಡ್ ಉಣ್ಣಿ. ಮೊಣಗಂಟಿನರಿಗೆ ಅಂದೇಳಿ ಮೇಜ್, ಕುರ್ಚಿ ಹಾಕ್ಸ್ತೆ."

ಭಾವ ಎಲೆ ಒರೆಸುವುದನ್ನು ನಿಲ್ಲಿಸಿದರು. "ನಂಗ್ ಕೂಕಂಬುಕ್ ಹೆದ್ರಿಕೆ ಆತ್ ದಿನಕರ" ಎಂದರು.

ನಾನು ನಕ್ಕುಬಿಟ್ಟೆ. ಊಟಕ್ಕೆ ಕೂರಲು ಹೆದರುವವರನ್ನು ನಾನು ಕಂಡಿರಲಿಲ್ಲ. ಅವರು ನಗಲಿಲ್ಲ.

"ನಾ ಸಣ್ಣೋನ್ ಇಪ್ಪ ಹೊತ್ತಿಗೆ ಒಂದ್ ದೊಡ್ಡ್ ಮನೆಯಂಗೆ ಮದಿ" ಎಂದು ಶುರು ಮಾಡಿದರು. "ಹೆತ್ತಬ್ಬಿ ಅಲ್ ಪಾತ್ರಿ ತೊಳುಕ್ ಹೋದದ್ದ್. ನನ್ನ ಒಂದ್ ಎಲೆ ಎದ್ರ್ ಕೂರ್ಸಿ ಹೋಯ್ತ್. ಉಪ್ಪ್ ಹಾಕಿ ಆಯ್ತ್, ಉಪ್ಪಿನ್ಕಾಯಿ ಹಾಕಿ ಆಯ್ತ್. ಅನ್ನದ್ ಬುಟ್ಟಿ ಬಪ್ಪುದ್ ಕಾಂತಾ ಇದ್ದೆ. ಆಗ ಒಬ್ರ್ ಬಂದ್, ಏ ಮಾಣಿ, ಏಳ್, ದಿಬ್ಬಣದರ್ ಬಂದ್ರ್ ಅಂದ್ರ್. ಎದ್ದೆ. ಎಲ್ಲರೂ ಕೂಕಂಡಿದ್ರ್, ನಾನೊಬ್ನೇ ನಿಂತದ್ದ್."

ಟಾರ್ಪಾಲಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು.

"ಅಡುಗೆಯರ್ ಒಬ್ರ್ ನನ್ನ ಕಂಡ್ರ್. ಪಾಪ ಕಂಡಿತ್ತಾ ಎಂತದೋ. ಕೈಯಂಗ್ ನೀರಿನ್ ಚೊಂಬ್ ಕೊಟ್ಟ್, ಬಡ್ಸ್ ಅಂದ್ರ್. ಬಡ್ಸದೆ. ಕಡಿಗ್ ಒಳ್ಗ್ ಕೂರ್ಸಿ ಹೊಟ್ಟಿ ತುಂಬ ಹಾಕ್ದ್ರ್. ಅವತ್ತಿಂದ ನಾ ಕೂಕಂಬ್ಲಿಲ್ಲ. ಬಡ್ಸೋನ್ನ ಯಾರೂ ಏಳ್ ಅಂಬುದಿಲ್ಲೆ ಕಾಣ್."

ಬಾಲ್ಯದಲ್ಲಿ ಊಟದ ಮನೆಗೆ ನಾನು ಹೋಗುತ್ತಿದ್ದುದೇ ಅಪ್ಪಯ್ಯನ ಕೈ ಹಿಡಿದು. ಎಲೆ ಹಾಕುವ ಮೊದಲೇ ನನ್ನ ಜಾಗ ಗೊತ್ತಾಗಿರುತ್ತಿತ್ತು. ಹೋಳಿಗೆ ಎಲ್ಲಿಂದ ಬರುತ್ತದೆ ಎಂದು ನೋಡಿ ಆ ತುದಿಯಲ್ಲೇ ಕೂರುತ್ತಿದ್ದೆ. ನನಗೆ ಯಾರೂ ಏಳು ಎಂದಿಲ್ಲ. ಎದುರು ಕೂತಿದ್ದ ಎಪ್ಪತ್ತು ದಾಟಿದ ಮನುಷ್ಯ ಆ ಒಂದು ಎಲೆಯ ಎದುರಿಂದ ಇನ್ನೂ ಏಳುತ್ತಲೇ ಇದ್ದಾರೆ ಎನಿಸಿತು. ದುಃಖವಾಯಿತು. ಅವರನ್ನು ಎಬ್ಬಿಸಿದ, ಯಾರೆಂದೇ ಗೊತ್ತಿಲ್ಲದ ಆ ಮನುಷ್ಯನ ಮೇಲೆ ಕೆಟ್ಟ ಸಿಟ್ಟು ಬಂತು.

ಸ್ಟ್ರಿಪ್ಪನ್ನು ಅವರ ಕೈಯಲ್ಲೇ ಇಟ್ಟೆ. ಕಸಿದು ಬಾವಿಗೆ ಎಸೆಯಬಹುದಿತ್ತು. ಆದರೆ ಕೋಟದ ಪೇಟೆಯಲ್ಲಿ ಮೆಡಿಕಲ್ಲುಗಳಿಗೆ ಬರವೇ? "ನಿಮ್ಗ್ ಬಿಟ್ಟದ್ದ್ ಭಾವಯ್ಯ. ಅಕ್ಕನ್ ಮುಖ ಒಂದ್ಸಲ ಕಂಡ್ಕಣಿ" ಎಂದೆ. ಅವರು ಮತ್ತೆ ಎಲೆ ಒರೆಸತೊಡಗಿದರು.

ಮರುದಿನವಿಡೀ ನಾನು ನಿಂತಲ್ಲಿ ನಿಲ್ಲಲಿಲ್ಲ. ಭಾವ ನೀರು ಕುಡಿದರೆ ಗಂಟಲು ನೋಡಿದೆ, ಬೈರಾಸು ಮುಟ್ಟಿದರೆ ಗಂಟು ನೋಡಿದೆ. ಕೈಗೆ ಕೊಟ್ಟು ದೊಡ್ಡವನಾಗಲು ಹೋದ ನನ್ನ ಬುದ್ಧಿಗೆ ಚಪ್ಪಲಿಯಲ್ಲಿ ಹೊಡೆಯಬೇಕು ಎನಿಸಿತು. ಹಾಲು ತರಲು ಹೋದವನು ಮೊಸರು ತಂದೆ.

ಪೂಜೆಯ ಬೆಳಿಗ್ಗೆ ಜಗಲಿಯಲ್ಲಿ ನಿಂತು ಕಾಯುತ್ತಿದ್ದೆ. ಮಾತ್ರೆ ನುಂಗಿದ ದಿನ ಭಾವನ ನಡಿಗೆ ಹುಡುಗರದ್ದು. ಬಾಗಿಲು ತೆರೆಯಿತು. ಭಾವ ಗೋಡೆ ಹಿಡಿದುಕೊಂಡು, ಒಂದು ಕಾಲನ್ನು ಎಳೆಯುತ್ತ, ಮುಖ ಹಿಂಡಿಕೊಂಡು ಹೊರಗೆ ಬಂದರು. ಮನುಷ್ಯನೊಬ್ಬ ಕುಂಟುವುದನ್ನು ಕಂಡು ನನಗೆ ಅಷ್ಟೊಂದು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಪೂಜೆಗೆ ಕೂತದ್ದು ಮಗ, ಸೊಸೆ. ಮಂಗಳಾರತಿ ಮುಗಿದು ಚಪ್ಪರದಲ್ಲಿ ಎಲೆ ಬಿತ್ತು. ನೆಲದಲ್ಲಿ ಗಟ್ಟಿ ಕಾಲಿನವರು, ಬದಿಯ ಮೇಜಿನಲ್ಲಿ ಮೊಣಗಂಟಿನವರು. ಭಾವನನ್ನು ಕೈ ಹಿಡಿದು ತಂದು ಮೇಜಿನ ತುದಿಯ ಕುರ್ಚಿಯಲ್ಲಿ ಕೂರಿಸಿದೆ. ಕಾವಲಿಗೆಂದು ಪಕ್ಕದಲ್ಲಿ ನಾನೂ ಕೂತೆ. ಅಕ್ಕ ಆಚೆಬದಿಯ ಹೆಂಗಸರ ಸಾಲಿನಲ್ಲಿದ್ದಳು. ಭಾವ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಯನ್ನು ನೋಡದೆ, ದಾರಿಯನ್ನೇ ನೋಡುತ್ತಿದ್ದರು. ಉಪ್ಪು ಬಂತು. ಉಪ್ಪಿನಕಾಯಿ ಬಂತು. ಅವರ ಹಣೆಯಲ್ಲಿ ಬೆವರು ಮೂಡಿತು.

ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು. ಬೈಂದೂರಿನ ಬೀಗರು, ಸೊಸೆಯ ತಂದೆ. ಮಳೆಗೆ ತಡವಾಯಿತಂತೆ. ಅವರಿಗೂ ನೆಲದಲ್ಲಿ ಕೂರಲಾಗದು, ಮೇಜು ಭರ್ತಿ. ಮಗ ಗಡಿಬಿಡಿಯಲ್ಲಿ ಸುತ್ತ ನೋಡಿದ. ಅವನ ಕಣ್ಣು ಭಾವನ ಮೇಲೆ ಬಿತ್ತು. ನಗುತ್ತ ಹತ್ತಿರ ಬಂದು, ಯಾವ ಕಪಟವೂ ಇಲ್ಲದೆ, "ಮಾವಯ್ಯ, ನೀವ್ ಯಾವತ್ತೂ ಕಡಿಗ್ ಉಂಬುದಲ್ದಾ? ಒಂಚೂರ್ ಏಳ್ತ್ರ್ಯಾ?" ಎಂದ.

ಭಾವ ಈ ಮಾತಿಗೇ ಕಾದಿದ್ದವರ ಹಾಗೆ ಎರಡೂ ಕೈಗಳನ್ನು ಮೇಜಿಗೆ ಊರಿ ಏಳತೊಡಗಿದರು.

"ಕೂಕಣಿ!"

ಚಪ್ಪರವೆಲ್ಲ ತಿರುಗಿ ನೋಡಿತು. ಅಕ್ಕ ಆಚೆಬದಿಯಲ್ಲಿ ಎದ್ದು ನಿಂತಿದ್ದಳು. ನಾಲ್ಕು ಜನರೆದುರು ಗಂಡನಿಗೆ ಜೋರು ಮಾಡಿದವಳೇ ಅಲ್ಲ ಅವಳು.

"ನೀವ್ ಏಳುಕಾಗ! ಅಲ್ಲೇ ಕೂಕಣಿ. ಏ ಮಾಣಿ, ಅವ್ರನ್ ಏಳ್ಸ್‌ಬೇಡ. ಅವ್ರ್ ಈಗ್ಳೇ ಉಂಬುದ್."

ಅವಳಿಗೂ ಆ ಮದುವೆಮನೆಯ ಕತೆ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಮಗ ಕಕ್ಕಾಬಿಕ್ಕಿಯಾಗಿ ನಿಂತ. ನಾನು ಎದ್ದೆ. ಮೊದಲ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಒಂದು ಕೈಯನ್ನು ಭಾವನ ಹೆಗಲ ಮೇಲಿಟ್ಟು ಕೆಳಗೆ ಒತ್ತಿದೆ, ಇನ್ನೊಂದು ಕೈಯಲ್ಲಿ ನನ್ನ ಕುರ್ಚಿಯನ್ನು ಬೀಗರ ಕಡೆ ಸರಿಸಿದೆ. "ಬನ್ನಿ ಬನ್ನಿ, ನಂಗ್ ಹೆಂಗೂ ಕೂಕಂಬುಕ್ ಬತ್ತಿಲ್ಲೆ" ಎಂದೆ. ಬೀಗರು ನಕ್ಕು ಕೂತರು. ಭಾವನೂ ಕೂತರು.

ಎದ್ದವನು ಸುಮ್ಮನೆ ನಿಲ್ಲುವುದು ಹೇಗೆ? ಕೇಟರಿಂಗಿನವರ ಕೈಯಿಂದ ಬಕೆಟು ಕಸಿದುಕೊಂಡೆ. ಸಾರು ಬಡಿಸಲು ಹೋಗಿ ಪುರೋಹಿತರ ಶಲ್ಯಕ್ಕೆ ಅಭಿಷೇಕವಾಯಿತು. ಅರ್ಧ ಪಂಕ್ತಿ ಬಗ್ಗುವಷ್ಟರಲ್ಲಿ ಸೊಂಟ ಕಳಚಿ ಬಂತು. ಹಸಿವಿಗೆ ನನ್ನ ಹೊಟ್ಟೆ ಬೊಬ್ಬೆ ಹೊಡೆಯುತ್ತಿತ್ತು, ಕೇಳುವವರಿರಲಿಲ್ಲ.

ಪಾಯಸದ ಸರದಿಯಲ್ಲಿ ಭಾವನ ಎಲೆಯ ಮುಂದೆ ಬಂದು ನಿಂತೆ. ಅನ್ನ ಅರ್ಧ ಮುಗಿದಿತ್ತು. ಅವರು ತಲೆ ಎತ್ತಿರಲಿಲ್ಲ.

"ಪಾಯಸ ಹಾಕ್ಲಾ ಭಾವಯ್ಯ?"

"ಹಾಕ್."

ಹಾಕಿದೆ. ಸರಿ, ಸಾಕು ಎನ್ನುತ್ತಾರೆ ಎಂದು ಮುಂದಿನ ಎಲೆಗೆ ಹೊರಟೆ.

"ನಿಲ್ಲ್. ಇನ್ನೊಂದ್ ಸೌಟ್ ಹಾಕ್" ಎಂದರು.

ಇನ್ನೊಂದು ಸೌಟು ಹಾಕುವಾಗ ನೋಡಿದೆ. ಭಾವ ಅಳುತ್ತಿದ್ದರು. ಎಡಗೈಯಲ್ಲಿ ಎಲೆಯ ಅಂಚನ್ನು ಭದ್ರವಾಗಿ ಹಿಡಿದುಕೊಂಡು ಅಳುತ್ತಿದ್ದರು, ಬಲಗೈ ಉಣ್ಣುವುದನ್ನು ನಿಲ್ಲಿಸಿರಲಿಲ್ಲ.